ಡಿಪಿಎಫ್ ಕಟ್ಟಿಕೊಂಡಿದೆಯಾ? ಫಿಲ್ಟರ್ ಬಿಚ್ಚುವ ಮೊದಲು ಎಂಜಿನ್ ನೋಡಿ

ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನ ದೀಪ ಹತ್ತಿದೆ, ಪಿಕಪ್ ಇಲ್ಲ, ಲೋಡ್ ಹಾಕಿದರೆ ಗಾಡಿ ಏರು ಹತ್ತುತ್ತಿಲ್ಲ. ಹೀಗೆ ಗ್ಯಾರೇಜಿಗೆ ಬರುವ ಲಾರಿಗಳ ಮಾಲೀಕರು ಎಷ್ಟೋ ಸಲ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಎಂಜಿನ್ ಚೆನ್ನಾಗಿಯೇ ಇದೆ, ಈ ಹೊಗೆ ಶುದ್ಧ ಮಾಡುವ ಸಾಮಾನುಗಳಿಂದಲೇ ತೊಂದರೆ, ಕಿತ್ತು ಬಿಸಾಕಿ ಅಂತಾರೆ. ಮೆಕ್ಯಾನಿಕ್ ಆಗಿ ನಾನು ನೋಡಿರೋದು ಬಹುತೇಕ ಇದರ ತಿರುವುಮುರುವು. ರೋಗ ಎಂಜಿನ್‌ನಲ್ಲಿ ಇರುತ್ತದೆ, ಲಕ್ಷಣ ಫಿಲ್ಟರ್‌ನಲ್ಲಿ ಕಾಣುತ್ತದೆ.

ಹಳೆಯ ಡೀಸೆಲ್ ಎಂಜಿನ್‌ಗಳು ಗಟ್ಟಿಯಾಗಿದ್ದವು ಅನ್ನೋದು ನಿಜ. ಆದರೆ ಇಂಜೆಕ್ಟರ್ ಸೋರುತ್ತಿದ್ದರೂ, ಟರ್ಬೊ ಸವೆದಿದ್ದರೂ, ಗಾಳಿಯ ಪೈಪ್ ಹರಿದಿದ್ದರೂ ಆ ಎಂಜಿನ್ ಕಪ್ಪು ಹೊಗೆ ಉಗುಳುತ್ತಾ ಓಡುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಆ ಹೊಗೆ ಹೊರಗೆ ಹೋಗಲು ಫಿಲ್ಟರ್ ಬಿಡುವುದಿಲ್ಲ. ಹಾಗಾಗಿ ಮೊದಲು ವರ್ಷಗಟ್ಟಲೆ ಮುಚ್ಚಿಹೋಗುತ್ತಿದ್ದ ದೋಷ ಈಗ ಕೆಲವೇ ವಾರಗಳಲ್ಲಿ ದೀಪವಾಗಿ ಹತ್ತುತ್ತದೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ ಅಂತ ಒತ್ತಿ ಹೇಳುತ್ತೇನೆ, ಯಾಕಂದ್ರೆ ಕ್ರಮ ತಪ್ಪಿದರೆ ಹೊಸ ಫಿಲ್ಟರ್ ಹಾಕಿದ ಮೇಲೂ ಅದೇ ದೀಪ ಮತ್ತೆ ಹತ್ತುತ್ತದೆ.

ಮೊದಲು ದಾರಿ ಗೊತ್ತಿರಲಿ

ಗಾಳಿ ಏರ್ ಫಿಲ್ಟರ್‌ನಿಂದ ಟರ್ಬೊಗೆ, ಅಲ್ಲಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಸಿಲಿಂಡರ್‌ಗೆ ಹೋಗುತ್ತದೆ. ಉರಿದ ಹೊಗೆಯಲ್ಲಿ ಒಂದಷ್ಟನ್ನು ಇಜಿಆರ್ ವಾಲ್ವ್ ವಾಪಸ್ ತಂದು, ಕೂಲರ್‌ನಲ್ಲಿ ತಣ್ಣಗೆ ಮಾಡಿ, ಮತ್ತೆ ಒಳಗೆ ಬಿಡುತ್ತದೆ. ಹೀಗೆ ಮಾಡಿದರೆ ಉರಿಯ ಬಿಸಿ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಇದನ್ನೇ ಎಲ್ಲರೂ ನಾಕ್ಸ್ ಅಂತಾರೆ. ಮಿಕ್ಕ ಹೊಗೆ ಟರ್ಬೊ ತಿರುಗಿಸಿ ಡಿಒಸಿ ಎಂಬ ಕ್ಯಾಟಲಿಸ್ಟ್‌ಗೆ ಬರುತ್ತದೆ, ಆಮೇಲೆ ಡಿಪಿಎಫ್‌ಗೆ. ಡಿಪಿಎಫ್ ಅಂದ್ರೆ ಮಸಿ ಹಿಡಿಯುವ ಸೆರಾಮಿಕ್ ಫಿಲ್ಟರ್. ಅದನ್ನು ದಾಟಿದ ಮೇಲೆ ಡಿಇಎಫ್ ಎಂಬ ಯೂರಿಯಾ ದ್ರವ ಚಿಮುಕಿಸುವ ನಾಝಲ್, ಕೊನೆಗೆ ಎಸ್‌ಸಿಆರ್ ಕ್ಯಾಟಲಿಸ್ಟ್. ಡಿಇಎಫ್ ಬಿಸಿ ಹೊಗೆಗೆ ಬಿದ್ದಾಗ ಅಮೋನಿಯಾ ಆಗುತ್ತದೆ, ಅದು ಎಸ್‌ಸಿಆರ್‌ನಲ್ಲಿ ನಾಕ್ಸ್ ಜೊತೆ ಸೇರಿ ಸಾದಾ ನೈಟ್ರೋಜನ್ ಮತ್ತು ನೀರಾಗುತ್ತದೆ.

ಕಂಪನಿಯಿಂದ ಕಂಪನಿಗೆ ಜೋಡಣೆ ಸ್ವಲ್ಪ ಬದಲಾಗುತ್ತದೆ, ಕೆಲವು ಎಂಜಿನ್‌ಗಳಲ್ಲಿ ಇಜಿಆರ್ ಇರುವುದೇ ಇಲ್ಲ. ಆದರೂ ಒಂದು ಮಾತು ಎಲ್ಲದಕ್ಕೂ ಅನ್ವಯಿಸುತ್ತದೆ: ಮೇಲೆ ಎಲ್ಲೇ ಕೆಟ್ಟರೂ ಅದರ ಭಾರ ಕೆಳಗಿನ ಭಾಗದ ಮೇಲೆ ಬೀಳುತ್ತದೆ. ಅದಕ್ಕೇ ಹುಡುಕುವಾಗ ಗಾಳಿ ಒಳಗೆ ಬರುವ ಕಡೆಯಿಂದ ಶುರು ಮಾಡಬೇಕು.

ಡ್ರೈವರ್ ಜೊತೆ ಮಾತಾಡಿ

ಸ್ಕ್ಯಾನರ್ ಹಾಕುವ ಮೊದಲು ಹತ್ತು ನಿಮಿಷ ಡ್ರೈವರ್ ಹೇಳೋದು ಕೇಳಿ. ಕೂಲಂಟ್ ಎಷ್ಟು ದಿನಕ್ಕೊಮ್ಮೆ ಹಾಕುತ್ತಿದ್ದೀರಿ? ಆಯಿಲ್ ಕಡಿಮೆಯಾಗುತ್ತಿದೆಯಾ, ಅಥವಾ ಜಾಸ್ತಿಯಾಗುತ್ತಿದೆಯಾ? ಡಿಇಎಫ್ ಮೊದಲಿಗಿಂತ ಬೇಗ ಖಾಲಿ ಆಗುತ್ತಿದೆಯಾ? ಗಾಡಿ ದೂರ ಓಡುತ್ತಾ, ಇಲ್ಲಾ ದಿನವಿಡೀ ನಿಂತು ಹೊರಡುವ ಕೆಲಸವಾ? ರೀಜನ್, ಅಂದ್ರೆ ಫಿಲ್ಟರ್ ಬಿಸಿ ಮಾಡಿ ಒಳಗಿನ ಮಸಿ ಸುಡುವ ಕೆಲಸ, ನಡೆಯುವಾಗ ಎಂಜಿನ್ ಬಂದ್ ಮಾಡುವ ಅಭ್ಯಾಸ ಇದೆಯಾ?

ಆಯಿಲ್ ಮಟ್ಟ ಏರುತ್ತಿದೆ ಅಂತ ಯಾರಾದರೂ ಹೇಳಿದರೆ ಅದನ್ನು ಹಗುರವಾಗಿ ಬಿಡಬೇಡಿ. ಎಂಜಿನ್ ತಾನಾಗಿ ಆಯಿಲ್ ಹುಟ್ಟಿಸುವುದಿಲ್ಲ, ಡೀಸೆಲ್ ಅಥವಾ ಕೂಲಂಟ್ ಅದರಲ್ಲಿ ಸೇರುತ್ತಿದೆ ಅಂತಲೇ ಅರ್ಥ. ಕೆಲವು ಎಂಜಿನ್‌ಗಳು ಫಿಲ್ಟರ್ ಬಿಸಿ ಮಾಡಲು ಸಿಲಿಂಡರ್ ಒಳಗೇ ತಡವಾಗಿ ಡೀಸೆಲ್ ಚಿಮುಕಿಸುತ್ತವೆ. ರೀಜನ್ ಪದೇ ಪದೇ ಅರ್ಧಕ್ಕೆ ನಿಂತರೆ ಆ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಇಳಿದು ಆಯಿಲ್ ಸೇರುತ್ತದೆ. ತೆಳ್ಳಗಾದ ಆಯಿಲ್‌ನಲ್ಲಿ ಓಡಿದರೆ ಬೇರಿಂಗ್ ಹೋಗುತ್ತದೆ. ಮಾಲೀಕರು ಆಗ ಎಂಜಿನ್ ಕಂಪನಿಯನ್ನು ಬೈಯುತ್ತಾರೆ.

ಸೈಲೆನ್ಸರ್ ತುದಿ ಒರೆಸಿ ನೋಡಿ

ಇದು ಖರ್ಚಿಲ್ಲದ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಒಂದು ಬಿಳಿ ಬಟ್ಟೆಯನ್ನು ಸೈಲೆನ್ಸರ್ ಪೈಪಿನ ಒಳಗೋಡೆಗೆ ಒತ್ತಿ ಒರೆಸಿ. ಡಿಪಿಎಫ್ ಸರಿಯಾಗಿದ್ದರೆ ಬಟ್ಟೆಗೆ ಹೆಚ್ಚೆಂದರೆ ತುಕ್ಕಿನ ಬಣ್ಣ ಹತ್ತುತ್ತದೆ, ಮಸಿ ಹತ್ತುವುದಿಲ್ಲ. ಬಟ್ಟೆ ಕಪ್ಪಗಾದರೆ ಫಿಲ್ಟರ್ ಒಳಗೆ ಬಿರುಕು ಬಿಟ್ಟಿದೆ, ಇಲ್ಲವೇ ಯಾರೋ ಮೊದಲೇ ಒಳಗಿನದನ್ನು ತೆಗೆದು ಡಬ್ಬಿ ಮಾತ್ರ ಬಿಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳುವವರು ಇದನ್ನು ಮಾಡದೆ ಮುಂಗಡ ಕೊಡಬಾರದು.

ಅಲ್ಲೇ ಬಿಳಿ ಪುಡಿ ಗಟ್ಟಿಯಾಗಿ ಅಂಟಿದ್ದರೆ ಅದು ಯೂರಿಯಾ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕೋಡ್ ಓದಿ, ಅಳಿಸಬೇಡಿ

ಸ್ಕ್ಯಾನರ್ ಹಾಕಿದ ಕೂಡಲೇ ಅದು ತೋರಿಸುವ ದೋಷದ ಕೋಡ್ ಅಳಿಸಿ ಮತ್ತೆ ಬರುತ್ತಾ ನೋಡೋಣ ಅನ್ನುವ ಚಟ ಬಹಳ ಜನಕ್ಕಿದೆ. ಹಾಗೆ ಮಾಡಿದರೆ ಕೈಯಲ್ಲಿದ್ದ ಸಾಕ್ಷಿ ಹೋಯಿತು. ಎಲ್ಲ ಕೋಡ್‌ಗಳನ್ನೂ, ಅವು ಬಂದಾಗಿನ ಆರ್‌ಪಿಎಂ, ಬಿಸಿ, ಲೋಡ್ ಇವನ್ನೂ ಮೊದಲು ಬರೆದಿಟ್ಟುಕೊಳ್ಳಿ. ಹತ್ತು ಕೋಡ್ ಇದ್ದರೆ ಎಲ್ಲಕ್ಕಿಂತ ಮೊದಲು ಬಂದದ್ದು ಯಾವುದು ಅಂತ ಹುಡುಕಿ. ಉಳಿದ ಒಂಬತ್ತು ಅದರ ಹಿಂದೆ ಬಂದವೇ ಆಗಿರಬಹುದು.

ಇನ್ನೊಂದು ವಿಷಯ, ಬ್ಯಾಟರಿ ವೋಲ್ಟೇಜ್ ಮತ್ತು ಅರ್ತ್ ವೈರ್‌ಗಳನ್ನು ಈಗಲೇ ನೋಡಿ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಬಿದ್ದರೆ ಸೆನ್ಸರ್‌ಗಳು ಮತ್ತು ಕಂಟ್ರೋಲ್ ಯೂನಿಟ್‌ಗಳು ಒಂದಕ್ಕೊಂದು ಮಾತಾಡುವುದು ನಿಂತು ಸಂಬಂಧವೇ ಇಲ್ಲದ ಕೋಡ್‌ಗಳು ಸಾಲಾಗಿ ಬೀಳುತ್ತವೆ. ಚಾಸಿಗೆ ಬಿಗಿದ ಅರ್ತ್ ಬೋಲ್ಟ್ ಕೆಳಗೆ ತುಕ್ಕು ಹಿಡಿದಿದ್ದರೆ ದುಬಾರಿ ಸೆನ್ಸರ್ ಎಷ್ಟು ಬದಲಿಸಿದರೂ ಸುಮ್ನೆ ದುಡ್ಡು ದಂಡ.

ಕೋಡ್‌ಗಿಂತ ಲೈವ್ ಡೇಟಾ ಮುಖ್ಯ ಅಂತ ನನ್ನ ಅಭಿಪ್ರಾಯ. ಮಸಿ ಎಷ್ಟು ತುಂಬಿದೆ, ಬೂದಿ ಎಷ್ಟು, ಡಿಪಿಎಫ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ, ಡಿಒಸಿಯ ಮುಂದೆ ಹಿಂದೆ ಬಿಸಿ, ಕೊನೆಯ ರೀಜನ್ ಯಾವಾಗ ಆಯಿತು, ಪೂರ್ತಿ ಆಯಿತಾ ಅರ್ಧಕ್ಕೆ ನಿಂತಿತಾ. ಇವಿಷ್ಟು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಒತ್ತಡದ ವ್ಯತ್ಯಾಸ ನೋಡಿ, ಸೊನ್ನೆ ಅಥವಾ ಅದರ ಹತ್ತಿರ ಇರಬೇಕು. ಇಲ್ಲ ಅಂದ್ರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಹಾಗೇ ಆ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ಪೈಪುಗಳನ್ನೂ ಬಿಚ್ಚಿ ನೋಡಿ. ಬಿಸಿಗೆ ಕರಗಿರುತ್ತವೆ, ಮಸಿ ಕಟ್ಟಿರುತ್ತವೆ, ಹಿಂದೆ ಕೆಲಸ ಮಾಡಿದವರು ಅದಲುಬದಲು ಹಾಕಿರುವುದೂ ಉಂಟು.

ಗಾಳಿಯ ದಾರಿ

ಡೀಸೆಲ್ ಪೂರ್ತಿ ಉರಿಯಲು ಗಾಳಿ ಬೇಕು. ಗಾಳಿ ಕಡಿಮೆ ಬಿದ್ದರೆ ಮಸಿ. ಇಷ್ಟೇ ವಿಷಯ, ಆದರೆ ಮಸಿಯ ತೊಂದರೆಗಳಲ್ಲಿ ದೊಡ್ಡ ಪಾಲು ಇಲ್ಲೇ ಇರುತ್ತದೆ.

ಒಂದು ಲಾರಿ ನೆನಪಿದೆ. ರೀಜನ್ ಮಾಡಿಸಿದರೆ ಕೆಲವು ದಿನ ಸರಿ, ಮತ್ತೆ ದೀಪ. ಬೇರೆ ಕಡೆ ಫಿಲ್ಟರ್ ತೊಳೆಸಿದ್ದರು, ಪ್ರೆಶರ್ ಸೆನ್ಸರ್ ಬದಲಿಸಿದ್ದರು. ಐಡಲ್‌ನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಇಂಟರ್‌ಕೂಲರ್‌ನ ಬಿಸಿ ಬದಿಯ ಹೋಸ್ ಕೆಳಗೆ ಕೈ ಹಾಕಿದಾಗ ಕ್ಲ್ಯಾಂಪಿನ ಒಂದೇ ಬದಿಗೆ ಎಣ್ಣೆ ಬೆರೆತ ಕಪ್ಪು ಜಿಡ್ಡು ಬೀಸಣಿಗೆ ಆಕಾರದಲ್ಲಿ ಹರಡಿತ್ತು. ಅಲ್ಲಿ ಗಾಳಿ ಬಿಡುತ್ತಿದೆ ಅನ್ನೋದಕ್ಕೆ ಅಷ್ಟು ಗುರುತು ಸಾಕು. ಕ್ಲ್ಯಾಂಪ್ ತೆಗೆದರೆ ಹೋಸಿನ ಒಳಪದರ ಉದ್ದಕ್ಕೆ ಸೀಳಿತ್ತು. ಲೋಡ್ ಬಂದು ಬೂಸ್ಟ್, ಅಂದ್ರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದಾಗ ಮಾತ್ರ ಆ ಸೀಳು ಬಾಯಿ ಬಿಡುತ್ತಿತ್ತು. ಹೋಸ್, ಕ್ಲ್ಯಾಂಪ್ ಬದಲಿಸಿ ಒಂದು ರೀಜನ್ ಮಾಡಿಸಿದೆವು, ಆಮೇಲೆ ಅದೇ ಫಿಲ್ಟರ್‌ನಲ್ಲಿ ಆ ಗಾಡಿ ಸಲೀಸಾಗಿ ಓಡಿತು.

ಆದ್ದರಿಂದ ಕಣ್ಣಲ್ಲಿ ನೋಡಿ ಬಿಡಬೇಡಿ. ಟರ್ಬೊ ಬಾಯಿಗೆ ಅಡಾಪ್ಟರ್ ಹಾಕಿ, ತಯಾರಕರು ಹೇಳಿದ ಒತ್ತಡದಲ್ಲಿ ಗಾಳಿ ತುಂಬಿ, ಜೋಡಣೆಗಳಿಗೆ ಸೋಪು ನೀರು ಹಾಕಿ ನೋಡಿ. ಸ್ಮೋಕ್ ಮಷಿನ್ ಇದ್ದರೆ ಇನ್ನೂ ಒಳ್ಳೆಯದು. ಇಂಟರ್‌ಕೂಲರ್‌ನ ಮೂಲೆಗಳು, ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ಇನ್‌ಟೇಕ್ ಗ್ಯಾಸ್ಕೆಟ್, ಎಲ್ಲವನ್ನೂ ನೋಡಿ.

ಟರ್ಬೊ ಶಾಫ್ಟ್ ಹಿಡಿದು ಅಲುಗಾಡಿಸಿ ನೋಡಿ, ಮೇಲೆ ಕೆಳಗೆ ಸಣ್ಣ ಆಟ ಸಹಜ, ರೆಕ್ಕೆ ಗೋಡೆಗೆ ತಾಗುವಷ್ಟು ಇರಬಾರದು. ವೇರಿಯಬಲ್ ಟರ್ಬೊ ಇದ್ದರೆ ಒಳಗಿನ ವೇನ್‌ಗಳು ಮಸಿಯಿಂದ ಅಂಟಿಕೊಳ್ಳುತ್ತವೆ. ಸ್ಕ್ಯಾನರ್‌ನಿಂದ ಆಕ್ಚುಯೇಟರ್ ಈ ತುದಿಯಿಂದ ಆ ತುದಿಗೆ ಓಡಿಸಿ, ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ವ್ಯತ್ಯಾಸ ನೋಡಿ. ಟರ್ಬೊದಿಂದ ಹೊಗೆ ಬದಿಗೆ ಆಯಿಲ್ ಬರುತ್ತಿದ್ದರೆ ಟರ್ಬೊ ಮೇಲೆ ತಪ್ಪು ಹೊರಿಸುವ ಮೊದಲು ಕ್ರ್ಯಾಂಕ್‌ಕೇಸ್ ಫಿಲ್ಟರ್ ನೋಡಿ. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರಿ ಟರ್ಬೊದ ಆಯಿಲ್ ವಾಪಸ್ ಇಳಿಯುವುದಿಲ್ಲ.

ಡೀಸೆಲ್‌ನ ದಾರಿ

ಇಲ್ಲಿ ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಕಾಮನ್ ರೇಲ್‌ನಲ್ಲಿ, ಅಂದ್ರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ 2,000 ಬಾರ್ ದಾಟುವುದುಂಟು. ಓಡುತ್ತಿರುವ ಎಂಜಿನ್‌ನಲ್ಲಿ ಸೋರಿಕೆ ಎಲ್ಲಿದೆ ಅಂತ ಬೆರಳು ಹಾಕಿ ಹುಡುಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಪೈಪ್ ಬಿಚ್ಚುವ ಮೊದಲು ಎಂಜಿನ್ ಬಂದ್ ಮಾಡಿ, ಒತ್ತಡ ಇಳಿಯಲು ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ.

ಇನ್ನು ಪರೀಕ್ಷೆ. ನೀರು ಬೇರ್ಪಡಿಸುವ ಬಟ್ಟಲಿನಿಂದ ಗಾಜಿನ ಸೀಸೆಗೆ ಸ್ವಲ್ಪ ಡೀಸೆಲ್ ಇಳಿಸಿ ನಿಲ್ಲಲು ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗುತ್ತದೆ. ಹೊಳೆಯುವ ಲೋಹದ ಪುಡಿ ಕಂಡರೆ ಹೈ ಪ್ರೆಶರ್ ಪಂಪ್ ಸವೆಯುತ್ತಿರಬಹುದು, ಆಗ ಇಂಜೆಕ್ಟರ್ ಮಾತ್ರ ಬದಲಿಸಿದರೆ ಹೊಸದೂ ಹಾಳಾಗುತ್ತದೆ. ಆಮೇಲೆ ಸ್ಕ್ಯಾನರ್‌ನಲ್ಲಿ ಬೇಕಾದ ರೇಲ್ ಪ್ರೆಶರ್ ಮತ್ತು ಇರುವ ರೇಲ್ ಪ್ರೆಶರ್ ಎರಡನ್ನೂ ಪಕ್ಕಪಕ್ಕ ಇಟ್ಟು ಲೋಡ್‌ನಲ್ಲಿ ನೋಡಿ. ಇಂಜೆಕ್ಟರ್‌ಗಳಿಂದ ವಾಪಸ್ ಬರುವ ಡೀಸೆಲ್ ಅಳೆಯಿರಿ. ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುವ ಪರೀಕ್ಷೆಯಲ್ಲಿ, ನಿಲ್ಲಿಸಿದರೂ ಎಂಜಿನ್ ಸದ್ದು ಬದಲಾಗದ ಸಿಲಿಂಡರ್‌ನಲ್ಲೇ ದೋಷ ಇದೆ. ಅಲ್ಲಿ ಕಂಪ್ರೆಷನ್ ನೋಡದೆ ಇಂಜೆಕ್ಟರ್ ಆರ್ಡರ್ ಮಾಡಬೇಡಿ.

ಬಿಚ್ಚಿದ ಪ್ರತಿ ಬಾಯಿಗೂ ಕೂಡಲೇ ಮುಚ್ಚಳ ಹಾಕಿ. ಇಂಜೆಕ್ಟರ್ ಒಳಗಿನ ಸಂದಿಗಳು ಮೈಕ್ರಾನ್ ಲೆಕ್ಕದವು, ಕೈಬಟ್ಟೆಯ ಒಂದು ನೂಲು ಸಾಕು.

ಇಜಿಆರ್, ವಿಶೇಷವಾಗಿ ಕೂಲರ್

ವಾಲ್ವ್ ಮಸಿ ಕಟ್ಟುವುದು ಎಲ್ಲರಿಗೂ ಗೊತ್ತು, ಬಿಚ್ಚಿ ತೊಳೆದರೆ ಸರಿಹೋಗಬಹುದು, ತೊಳೆದ ಮೇಲೆ ಸ್ಕ್ಯಾನರ್‌ನಿಂದ ಕಂಟ್ರೋಲ್ ಯೂನಿಟ್‌ಗೆ ವಾಲ್ವ್‌ನ ಸ್ಥಾನ ಕಲಿಸಬೇಕು, ಅಷ್ಟೇ. ನಿಜವಾದ ಅಪಾಯ ಕೂಲರ್‌ನದು. ಅದರ ಒಳಗೆ ಒಂದು ಬದಿ ಬೆಂಕಿಯಂಥ ಹೊಗೆ, ಇನ್ನೊಂದು ಬದಿ ಕೂಲಂಟ್. ಬಿಸಿಯಾಗಿ ತಣ್ಣಗಾಗಿ ವರ್ಷಗಳ ಮೇಲೆ ಒಳಗಿನ ಕೊಳವೆಯಲ್ಲಿ ಬಿರುಕು ಬರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಆವಿ, ಸ್ವಲ್ಪ ಸಿಹಿ ವಾಸನೆ. ಆ ಕೂಲಂಟ್ ಡಿಒಸಿ ಮತ್ತು ಡಿಪಿಎಫ್ ಮೇಲೆ ಬಿದ್ದು ಅವನ್ನು ಕೆಡಿಸುತ್ತದೆ. ಜಾಸ್ತಿ ಸೋರಿ ಸಿಲಿಂಡರ್‌ನಲ್ಲಿ ನಿಂತರೆ ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೂಲಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಬರುತ್ತಿದೆ ಅಂದ ಕೂಡಲೇ ಹೆಡ್ ಗ್ಯಾಸ್ಕೆಟ್ ಅಂತ ಹೆಡ್ ಇಳಿಸಿಬಿಡುವುದನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಹೊಗೆಯ ಒತ್ತಡ ಕೂಲಂಟ್‌ಗಿಂತ ಜಾಸ್ತಿಯಾದಾಗ ಇಜಿಆರ್ ಕೂಲರ್‌ನಿಂದಲೂ ಹೊಗೆ ಕೂಲಂಟ್‌ಗೆ ಸೇರುತ್ತದೆ, ಗುಳ್ಳೆ ಎರಡರಲ್ಲೂ ಒಂದೇ ಥರ. ಮೊದಲು ಕೂಲರ್ ಬಿಚ್ಚಿ, ಪುಸ್ತಕದಲ್ಲಿ ಹೇಳಿದ ಒತ್ತಡದ ಗಾಳಿ ಹಾಕಿ, ಬಿಸಿ ನೀರಿನಲ್ಲಿ ಮುಳುಗಿಸಿ ನೋಡಿ. ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ, ಅದಕ್ಕೇ ಬಿಸಿ ನೀರು.

ಈಗ ಡಿಪಿಎಫ್‌ಗೆ ಬನ್ನಿ

ಇಷ್ಟೆಲ್ಲ ಆದ ಮೇಲೇ ಫಿಲ್ಟರ್ ಸರದಿ. ಅದರೊಳಗೆ ಎರಡು ಬೇರೆ ಬೇರೆ ವಸ್ತು ತುಂಬುತ್ತವೆ. ಮಸಿ ಅಂದ್ರೆ ಇಂಗಾಲ, ಅದನ್ನು ಸುಡಬಹುದು. ಬೂದಿ ಬಹುಪಾಲು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಅಂಶಗಳಿಂದ ಬರುವುದು, ಅದನ್ನು ಎಷ್ಟು ಬಿಸಿ ಮಾಡಿದರೂ ಸುಡಲಾಗುವುದಿಲ್ಲ. ರೀಜನ್ ಪೂರ್ತಿ ಆದ ಮೇಲೂ ಒತ್ತಡದ ವ್ಯತ್ಯಾಸ ಇಳಿಯದಿದ್ದರೆ ಅದು ಬೂದಿ, ಮತ್ತೆ ಮತ್ತೆ ರೀಜನ್ ಕೊಡುವುದರಲ್ಲಿ ಅರ್ಥವಿಲ್ಲ, ಫಿಲ್ಟರ್ ಇಳಿಸಿ ಕ್ಲೀನಿಂಗ್‌ಗೆ ಕೊಡಬೇಕು.

ಗಾಡಿ ಲೋಡ್ ಹಾಕಿಕೊಂಡು ಒಂದೇ ಸಮನೆ ಓಡುವಾಗ ಹೊಗೆಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಡಿಒಸಿಯಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಆ ಬಿಸಿಯಲ್ಲಿ ಮಸಿಯನ್ನು ನಿಧಾನವಾಗಿ ತಿನ್ನುತ್ತಲೇ ಇರುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ನಿಂತು ಹೊರಡುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ. ಆಗ ಕಂಟ್ರೋಲ್ ಯೂನಿಟ್ ಹೆಚ್ಚುವರಿ ಡೀಸೆಲ್ ಬಿಟ್ಟು, ಡಿಒಸಿಯಲ್ಲಿ ಉರಿಸಿ, ಫಿಲ್ಟರ್ ಬಾಯಿಯ ಬಿಸಿಯನ್ನು 550ರಿಂದ 600 ಡಿಗ್ರಿಯ ಆಸುಪಾಸಿಗೆ ತರುತ್ತದೆ. ಇದೇ ಆಕ್ಟಿವ್ ರೀಜನ್. ಓಡುತ್ತಾ ಆಗದಿದ್ದರೆ ನಿಲ್ಲಿಸಿ ಮಾಡಬೇಕು.

ನಿಲ್ಲಿಸಿ ರೀಜನ್ ಮಾಡುವಾಗ ಹೀಗೆ ಮಾಡಿ. ಗಾಡಿ ಬಯಲಿನಲ್ಲಿ, ಕಾಂಕ್ರೀಟ್ ಅಥವಾ ಬರಿ ನೆಲದ ಮೇಲೆ ನಿಲ್ಲಿಸಿ; ಒಣ ಹುಲ್ಲು, ಟಾರ್ಪಾಲ್, ಪೇಪರ್, ಡೀಸೆಲ್ ಚೆಲ್ಲಿದ ಜಾಗ ಬೇಡ. ಸೈಲೆನ್ಸರ್ ತುದಿಯ ಹತ್ತಿರ ಯಾರೂ ನಿಲ್ಲಬಾರದು. ಮುಚ್ಚಿದ ಶೆಡ್ ಒಳಗೆ ಬೇಡವೇ ಬೇಡ. ಸ್ಕ್ಯಾನರ್‌ನಲ್ಲಿ ಡಿಒಸಿಯ ಮುಂದಿನ ಬಿಸಿ ಮತ್ತು ಹಿಂದಿನ ಬಿಸಿ ನೋಡುತ್ತಿರಿ. ಡೀಸೆಲ್ ಬಿಡಲು ಶುರು ಮಾಡಿದ ಮೇಲೆ ಹಿಂದಿನ ಬಿಸಿ ಚೆನ್ನಾಗಿ ಏರಬೇಕು. ಏರದಿದ್ದರೆ ಡೀಸೆಲ್ ಬಿಡುವ ನಾಝಲ್ ಕಟ್ಟಿಕೊಂಡಿದೆ, ಇಲ್ಲಾ ಡಿಒಸಿಯ ಮುಖದ ಮೇಲೆ ಮಸಿ ಮುಚ್ಚಿದೆ, ಇಲ್ಲಾ ಡಿಒಸಿಯೇ ಸತ್ತಿದೆ. ಹೀಗಿರುವಾಗ ಫಿಲ್ಟರ್ ಬದಲಿಸಿದರೆ ಏನು ಬಂತು? ಹೊಸ ಫಿಲ್ಟರ್‌ನ ಮಸಿಯನ್ನೂ ಸುಡುವವರು ಇಲ್ಲ, ಅಲ್ವಾ?

ಫಿಲ್ಟರ್‌ಗೆ ಆಯಿಲ್ ಅಥವಾ ಡೀಸೆಲ್ ನೆನೆದಿದೆ ಅನ್ನುವ ಅನುಮಾನ ಇದ್ದರೆ, ಉದಾಹರಣೆಗೆ ಟರ್ಬೊ ಸೀಲ್ ಹೋಗಿ ಲೀಟರ್‌ಗಟ್ಟಲೆ ಆಯಿಲ್ ಇಳಿದಿದ್ದರೆ, ರೀಜನ್ ಕೊಡಲೇಬೇಡಿ. ಒಳಗೆ ಉರಿ ಹಿಡಿತ ತಪ್ಪಿ ಸೆರಾಮಿಕ್ ಒಡೆಯುತ್ತದೆ, ಕರಗುತ್ತದೆ, ಗಾಡಿಗೇ ಬೆಂಕಿ ಬೀಳಬಹುದು. ಇಳಿಸಿ, ತೂಕ ನೋಡಿ, ಕ್ಲೀನಿಂಗ್‌ಗೆ ಕೊಡಿ. ಮಸಿ ತಯಾರಕರ ಮಿತಿ ದಾಟಿ ತುಂಬಿದ್ದಾಗಲೂ ಇದೇ ಮಾತು, ಬಹಳಷ್ಟು ಸಿಸ್ಟಮ್‌ಗಳು ಆ ಹಂತದಲ್ಲಿ ರೀಜನ್ ಮಾಡಲು ತಾವೇ ಒಪ್ಪುವುದಿಲ್ಲ. ಅದನ್ನು ಮೋಸ ಮಾಡಿ ಮುಂದೆ ಹೋಗಬೇಡಿ.

ಕ್ಲೀನಿಂಗ್ ಅಂದ್ರೆ ಹೈ ಪ್ರೆಶರ್ ನೀರು ಹೊಡೆಯುವುದಲ್ಲ. ಸೆರಾಮಿಕ್ ಗೋಡೆ ತೆಳ್ಳಗಿದೆ, ಒಳಗೆ ಕ್ಯಾಟಲಿಸ್ಟ್ ಲೇಪ ಇರುತ್ತದೆ. ಸರಿಯಾದ ಕ್ರಮದಲ್ಲಿ ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿ ಮಸಿ ಸುಟ್ಟು, ಹೊಗೆ ಬರುವ ದಿಕ್ಕಿನ ಎದುರಿಗೆ ಗಾಳಿ ಬಿಟ್ಟು ಬೂದಿ ಹೊರಗೆ ತೆಗೆಯುತ್ತಾರೆ. ಕೊಡುವ ಮೊದಲು ಮತ್ತು ತಂದ ಮೇಲೆ ತೂಕ ಎಷ್ಟು ಅಂತ ಬರೆಸಿಕೊಳ್ಳಿ. ಹಾಕುವಾಗ ಬಾಣದ ಗುರುತಿನ ದಿಕ್ಕು ನೋಡಿ, ಗ್ಯಾಸ್ಕೆಟ್ ಮತ್ತು ಕ್ಲ್ಯಾಂಪ್ ಹೊಸದೇ ಹಾಕಿ, ಆಮೇಲೆ ಸ್ಕ್ಯಾನರ್‌ನಲ್ಲಿ ಬೂದಿಯ ಲೆಕ್ಕ ರೀಸೆಟ್ ಮಾಡಿ. ಆ ಬೂದಿಯನ್ನು ಉಸಿರಾಡಬೇಡಿ, ಮಾಸ್ಕ್ ಹಾಕಿ.

ಡಿಇಎಫ್ ಮತ್ತು ಎಸ್‌ಸಿಆರ್

ಡಿಇಎಫ್ ಅಂದ್ರೆ ಶೇ 32.5 ಶುದ್ಧ ಯೂರಿಯಾ, ಮಿಕ್ಕಿದ್ದು ಖನಿಜ ತೆಗೆದ ನೀರು. ಆ ಪ್ರಮಾಣ ಸುಮ್ನೆ ಇಟ್ಟದ್ದಲ್ಲ, ಮೈನಸ್ 11 ಡಿಗ್ರಿವರೆಗೆ ಹೆಪ್ಪುಗಟ್ಟದೆ ಉಳಿಯುವ ಮಿಶ್ರಣ ಅದು. ಗೊಬ್ಬರದ ಯೂರಿಯಾ ನಲ್ಲಿ ನೀರಿನಲ್ಲಿ ಕಲಸಿದರೆ ಅದರಲ್ಲಿರುವ ಖನಿಜಗಳು ಕ್ಯಾಟಲಿಸ್ಟ್ ಮೇಲೆ ಕೂತು ಅದನ್ನು ಶಾಶ್ವತವಾಗಿ ಕೊಲ್ಲುತ್ತವೆ. ಒಂದು ರಿಫ್ರ್ಯಾಕ್ಟೋಮೀಟರ್ ಕೊಂಡಿಟ್ಟುಕೊಳ್ಳಿ, ಒಂದು ಹನಿ ಹಾಕಿದರೆ ಪ್ರಮಾಣ ಗೊತ್ತಾಗುತ್ತದೆ. ಡೀಸೆಲ್ ಅಥವಾ ಎಣ್ಣೆ ಸೇರಿದೆಯಾ ಅನ್ನೋದಕ್ಕೆ ಟೆಸ್ಟ್ ಪಟ್ಟಿ ಸಿಗುತ್ತದೆ, ಟ್ಯಾಂಕ್ ಮೇಲೆ ಬಣ್ಣದ ಪದರ ತೇಲುತ್ತಾ ಅಂತಲೂ ನೋಡಿ. ತಪ್ಪಿ ಡೀಸೆಲ್ ಟ್ಯಾಂಕ್‌ಗೆ ಡಿಇಎಫ್ ಹಾಕಿದ್ದರೆ ಕೀ ಕೂಡ ಆನ್ ಮಾಡಬೇಡಿ, ಮೊದಲು ಟ್ಯಾಂಕ್ ಖಾಲಿ ಮಾಡಿ.

ಬಿಳಿ ಪುಡಿಯ ವಿಷಯಕ್ಕೆ ಬರೋಣ. ಹೊಗೆ ಸಾಕಷ್ಟು ಬಿಸಿ ಇಲ್ಲದಾಗ, ಅಥವಾ ನಾಝಲ್ ಸಣ್ಣ ಹನಿಯಾಗಿ ಚಿಮುಕಿಸುವ ಬದಲು ತೊಟ್ಟಿಕ್ಕುವಾಗ ಯೂರಿಯಾ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಸದಾದ ಹರಳು ಬಿಸಿ ನೀರಿಗೆ ಕರಗುತ್ತದೆ. ನಾಝಲ್ ಬಿಚ್ಚಿ, ಅಳತೆ ಪಾತ್ರೆಗೆ ಬಿಡಿಸಿ, ಸ್ಕ್ಯಾನರ್ ಹೇಳಿದಷ್ಟು ಪ್ರಮಾಣ ನಿಜವಾಗಿ ಬೀಳುತ್ತಾ ಅಳೆಯಿರಿ. ಜೊತೆಗೆ ಡಿಇಎಫ್ ಪಂಪ್‌ನ ಕನೆಕ್ಟರ್ ಬಿಚ್ಚಿ ನೋಡಲು ಮರೆಯಬೇಡಿ. ಈ ದ್ರವ ಸೀಲ್ ದಾಟಿತು ಅಂದ್ರೆ ವೈರಿನ ಒಳಗೇ ಏರುತ್ತಾ ಹೋಗುತ್ತದೆ, ತಾಮ್ರ ಹಸಿರುಗಟ್ಟುತ್ತದೆ, ಪಿನ್ ಸುತ್ತ ಬಿಳಿ ಪುಡಿ ಕೂತಿರುತ್ತದೆ. ಒರೆಸಿ ಹಾಕಿದರೆ ಮತ್ತೆ ಬರುತ್ತದೆ, ಅಷ್ಟುದ್ದ ವೈರ್ ಬದಲಿಸಲೇಬೇಕು.

ನಾಕ್ಸ್ ಸೆನ್ಸರ್ ದುಬಾರಿ ಸಾಮಾನು, ಅದಕ್ಕೇ ಅದನ್ನು ಕೊನೆಗೆ ಅನುಮಾನಿಸಿ. ಹೊಗೆ ಪೈಪ್‌ನಲ್ಲಿ ಸೋರಿಕೆ ಇದ್ದರೆ ಅದರ ಓದು ತಪ್ಪುತ್ತದೆ. ಇನ್ನೊಂದು, ಇಂಥ ಬಹಳಷ್ಟು ಸೆನ್ಸರ್‌ಗಳಿಗೆ ಅಮೋನಿಯಾಕ್ಕೂ ನಾಕ್ಸ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಿಇಎಫ್ ಜಾಸ್ತಿ ಬಿದ್ದು ಅಮೋನಿಯಾ ಹೊರಬಂದರೂ ಅದು ನಾಕ್ಸ್ ಜಾಸ್ತಿ ಅಂತಲೇ ತೋರಿಸುತ್ತದೆ.

ಡ್ರೈವರ್‌ಗಳಿಗೆ ಒಂದು ಮಾತು: ಎಂಜಿನ್ ಬಂದ್ ಮಾಡಿದ ಕೂಡಲೇ ಬ್ಯಾಟರಿ ಮೇನ್ ಸ್ವಿಚ್ ತೆಗೆಯಬೇಡಿ. ಬಹಳಷ್ಟು ಗಾಡಿಗಳಲ್ಲಿ ಪಂಪ್ ಲೈನ್‌ನಲ್ಲಿ ಉಳಿದ ಡಿಇಎಫ್ ಅನ್ನು ಟ್ಯಾಂಕ್‌ಗೆ ವಾಪಸ್ ಎಳೆಯುತ್ತದೆ, ಆ ಸಣ್ಣ ಸದ್ದು ನಿಲ್ಲುವವರೆಗೆ ಕಾಯಿರಿ. ಕಾಯದಿದ್ದರೆ ಉಳಿದದ್ದು ಅಲ್ಲೇ ಹರಳಾಗುತ್ತದೆ.

ಕಿತ್ತು ಹಾಕಿ ಅನ್ನುವವರಿಗೆ

ನಾನು ಮಾಡುವುದಿಲ್ಲ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ಹೊಗೆಯನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುವವರು ನಾವು ಮೆಕ್ಯಾನಿಕ್‌ಗಳು, ಮತ್ತೆ ಡ್ರೈವರ್‌ಗಳು. ಇಷ್ಟು ಸಾಲದು ಅಂದ್ರೆ ಕೆಲಸದ ಲೆಕ್ಕದಲ್ಲೂ ನೋಡಿ: ಫಿಲ್ಟರ್ ತೆಗೆದರೂ ಸೀಳಿದ ಹೋಸ್ ಸೀಳಿದ ಹಾಗೇ ಇರುತ್ತದೆ, ಸೋರುವ ಇಂಜೆಕ್ಟರ್ ಪಿಸ್ಟನ್ ಸುಡುವವರೆಗೂ ಸೋರುತ್ತದೆ, ಎಚ್ಚರಿಸುವ ದೀಪ ಮಾತ್ರ ಇರುವುದಿಲ್ಲ.

ರಿಪೇರಿ ಆದ ಮೇಲೆ, ಮತ್ತೆ ದಿನದಿನಕ್ಕೆ

ಕೋಡ್ ಅಳಿಸುವುದು ಈಗ. ಅಳಿಸಿ, ಒಂದು ಪೂರ್ತಿ ರೀಜನ್ ಮಾಡಿಸಿ, ಲೋಡ್ ಇರುವಾಗಲೇ ಗಾಡಿ ಓಡಿಸಿ ನೋಡಿ. ಖಾಲಿ ಗಾಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಆಯಿಲ್ ವಿಷಯದಲ್ಲಿ ರಾಜಿ ಬೇಡ. ಡಿಪಿಎಫ್ ಇರುವ ಎಂಜಿನ್‌ಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಎಪಿಐ ಸಿಜೆ-4, ಸಿಕೆ-4 ದರ್ಜೆಯಲ್ಲಿ ಸಲ್ಫೇಟೆಡ್ ಬೂದಿಗೆ ಶೇ 1ರ ಮಿತಿ ಇದೆ. ಹಳೆಯ ದರ್ಜೆಯ ಆಯಿಲ್ ಹಾಕಿದರೆ ಫಿಲ್ಟರ್ ಬೂದಿಯಿಂದ ಬೇಗ ತುಂಬುತ್ತದೆ. ಡೀಸೆಲ್‌ನಲ್ಲೂ ಗಂಧಕ 10ರಿಂದ 15 ಪಿಪಿಎಂ ದಾಟಬಾರದು. ಆಯಿಲ್ ಬದಲಿಸುವಾಗ ಒಂದು ಸಣ್ಣ ಸೀಸೆ ಲ್ಯಾಬ್‌ಗೆ ಕಳಿಸುವುದು ನಾನು ಕಂಡ ಅತ್ಯಂತ ಅಗ್ಗದ ವಿಮೆ: ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಸೇರುತ್ತಿದೆ, ಸಿಲಿಕಾನ್ ಏರಿದ್ದರೆ ಬಹುಶಃ ಧೂಳು ಒಳಗೆ ಬರುತ್ತಿದೆ, ಡೀಸೆಲ್ ಪಾಲು ಏರಿದ್ದರೆ ಇಂಜೆಕ್ಟರ್ ಅಥವಾ ಅರ್ಧಕ್ಕೆ ನಿಂತ ರೀಜನ್‌ಗಳು.

ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರೀಜನ್ ದೀಪ ಹತ್ತಿದರೆ ಅದು ಮುಗಿಯುವವರೆಗೆ ಓಡಿಸಿ.

ಕೊನೆಯದಾಗಿ ಒಂದು ನೋಟ್‌ಬುಕ್ ಇಡಿ. ರಿಪೇರಿ ದಿನ ಕಿಲೋಮೀಟರ್ ಎಷ್ಟು, ರೀಜನ್‌ಗೆ ಮೊದಲು ಮತ್ತು ಆಮೇಲೆ ಒತ್ತಡದ ವ್ಯತ್ಯಾಸ ಎಷ್ಟು, ಬೂದಿಯ ಲೆಕ್ಕ ಎಷ್ಟು, ಎಲ್ಲ ಬರೆಯಿರಿ. ಆಮೇಲೆ ಪ್ರತಿ ರೀಜನ್ ಎಷ್ಟು ಕಿಲೋಮೀಟರ್‌ಗೆ ಬಂತು ಅಂತ ಡ್ರೈವರ್ ಬರೆದುಕೊಳ್ಳಲಿ. ಕೆಲಸ ಅದೇ, ರಸ್ತೆ ಅದೇ, ಆದರೂ ಆ ಅಂತರ ಕಡಿಮೆಯಾಗುತ್ತಾ ಬಂದರೆ ದೀಪ ಹತ್ತುವವರೆಗೆ ಕಾಯಬೇಡಿ, ಗಾಡಿ ತಂದು ಮೊದಲು ಇಂಟರ್‌ಕೂಲರ್ ಹೋಸ್ ನೋಡಿಸಿ.